ಬೀಥೋವೆನ್‌ನ 32 ಪಿಯಾನೊ ಸೊನಾಟಾ: ಕಿವಿಯಿಂದಲೇ ಕಲಿಯುವುದಾದರೆ ಎಲ್ಲಿಂದ, ಹೇಗೆ?

ಕಾವೇರಿದಂಡೆ

ಎಲ್ಲರಿಗೂ ನಮಸ್ಕಾರ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಆಗಿದೆ, ಸ್ವರಜ್ಞಾನ ತಕ್ಕಮಟ್ಟಿಗೆ ಇದೆ. ಪಿಯಾನೊ ನುಡಿಸಲು ಬರುವುದಿಲ್ಲ, ಸ್ಟಾಫ್ ನೊಟೇಷನ್ ಓದಲೂ ಬರುವುದಿಲ್ಲ. ಬೀಥೋವೆನ್‌ನ 32 ಸೊನಾಟಾಗಳನ್ನು ಅಧ್ಯಯನದ ಹಾಗೆ ಕೇಳಬೇಕು ಅಂತ ಒಂದನೆಯದರಿಂದ ಶುರು ಮಾಡಿ ದಿನಕ್ಕೊಂದು ಕೇಳುತ್ತಿದ್ದೇನೆ. ಏಳನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಕಲಸಿಹೋಗಿದೆ. ಕೇಳುವಾಗ ಇಷ್ಟವಾಗುತ್ತದೆ, ಮುಗಿದ ಮೇಲೆ ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಕಚೇರಿಯಲ್ಲಾದರೆ ರಾಗ ಸಿಕ್ಕಿತು, ತಾಳ ಸಿಕ್ಕಿತು, ಆಮೇಲೆ ದಾರಿ ಗೊತ್ತಾಗುತ್ತದೆ. ಇಲ್ಲಿ ಮೊದಲು ಏನನ್ನು ಹಿಡಿಯಬೇಕು? ಯಾವ ಕ್ರಮದಲ್ಲಿ ಹೋಗಬೇಕು? ಯಾರ ಧ್ವನಿಮುದ್ರಣ ಇಟ್ಟುಕೊಳ್ಳಬೇಕು? ನೊಟೇಷನ್ ಕಲಿಯದೆ ಇದು ಆಗುವ ಕೆಲಸವೇ? ತಿಳಿದವರು ದಯವಿಟ್ಟು ಹೇಳಿ.

---

ನಾಲ್ಕುಮನೆ

ದಿನಕ್ಕೊಂದು ಸೊನಾಟಾ ಎಂಬ ಲೆಕ್ಕವನ್ನು ಮೊದಲು ಬಿಡಿ. ವಾರಕ್ಕೆ ಒಂದು ಮೂವ್‌ಮೆಂಟ್ (ಸೊನಾಟಾದ ಒಂದು ಅಧ್ಯಾಯ ಅನ್ನಿ) ಸಾಕು, ದಿನಕ್ಕೆ 25 ನಿಮಿಷ. ಕಲಸಿಹೋಗುವುದು ನಿಮ್ಮ ಕಿವಿಯ ದೋಷವಲ್ಲ. ಒಂದೇ ಸಲ ಕೇಳಿದರೆ ಟ್ಯೂನ್ ಮಾತ್ರ ಸಿಗುತ್ತದೆ, ಸೊನಾಟಾದ ಕಟ್ಟಡ ನಿಂತಿರುವುದು ಟ್ಯೂನ್ ಮೇಲಲ್ಲ.

ನೀವು ಹಿಡಿಯಬೇಕಾದ್ದು ಷಡ್ಜವನ್ನು. ನಮ್ಮ ಕಚೇರಿಯಲ್ಲಿ ತಂಬೂರಿ ಮೊದಲಿಂದ ಕೊನೆವರೆಗೆ ಕದಲುವುದಿಲ್ಲ. ಸೊನಾಟಾದ ಮೊದಲ ಮೂವ್‌ಮೆಂಟಿನಲ್ಲಿ ಷಡ್ಜವೇ ಮನೆ ಬಿಟ್ಟು ಹೊರಡುತ್ತದೆ. ಇನ್ನೊಂದು ಊರಿನಲ್ಲಿ ಬಿಡಾರ ಹೂಡುತ್ತದೆ, ನಡುಭಾಗದಲ್ಲಿ ಅಲೆಯುತ್ತದೆ, ಕೊನೆಗೆ ವಾಪಸು ಬರುತ್ತದೆ. ವಾಪಸು ಬಂದಾಗ, ಹೊರಗಿನ ಊರಿನಲ್ಲಿ ಕೇಳಿಸಿದ್ದ ಟ್ಯೂನ್ ಕೂಡ ಮನೆಯ ಷಡ್ಜಕ್ಕೇ ಬಂದು ಕೂರುತ್ತದೆ. ಇಷ್ಟು ಕಿವಿಗೆ ಬಿದ್ದರೆ 32ರಲ್ಲಿ ಬಹುಪಾಲು ಮೊದಲ ಮೂವ್‌ಮೆಂಟುಗಳು ತೆರೆದುಕೊಳ್ಳುತ್ತವೆ.

ಓಪಸ್ 2ರ (ಓಪಸ್ ಅಂದರೆ ಕೃತಿಯ ಪ್ರಕಟಣೆ ಸಂಖ್ಯೆ) ಮೊದಲ ಸೊನಾಟಾದ ಮೊದಲ ಮೂವ್‌ಮೆಂಟನ್ನೇ ತೆಗೆದುಕೊಳ್ಳಿ. ಎಫ್ ಮೈನರ್ (ಷಡ್ಜ ಎಫ್, ಗಾಂಧಾರ ಸಾಧಾರಣ; ಮೇಜರ್ ಆದರೆ ಅಂತರ), 1796ರಲ್ಲಿ ಪ್ರಕಟವಾದದ್ದು, ಹೈಡನ್‌ಗೆ ಅರ್ಪಿಸಿದ್ದು. ಒಟ್ಟು 152 ಬಾರ್ (ತಾಳದ ಆವರ್ತದಂಥ ಚಿಕ್ಕ ಅಳತೆ), ಮೊದಲ ಭಾಗವನ್ನು ಎರಡು ಸಲ ನುಡಿಸಿದರೂ ನಾಲ್ಕು ನಿಮಿಷದ ಆಸುಪಾಸು. ನಮ್ಮ ಲೆಕ್ಕದಲ್ಲಿ ನಾಲ್ಕು ಮನೆ ಶ್ರುತಿ (ಸಿ ಒಂದು ಮನೆ, ಡಿ ಎರಡು, ಹೀಗೆ; ‘ಊವರೆ’ ಅಂದರೆ ನಡುವಿನ ಕಪ್ಪು ಕೀಲಿ).

ಮೊದಲ ದಿನ ಮೊದಲ ಎಂಟು ಬಾರ್ ಮಾತ್ರ. ಒಂಬತ್ತು ಸೆಕೆಂಡ್‌ನಷ್ಟು ಇರುತ್ತದೆ, ಇಪ್ಪತ್ತು ಸಲ ಹಾಕಿ. ಎಫ್ ಅನ್ನು ಷಡ್ಜ ಮಾಡಿಕೊಂಡರೆ ಶುರುವಾಗುವುದು ಪ ಸ ಗ ಪ ಸ ಗ ಎಂದು ಬಿಡಿಬಿಡಿಯಾಗಿ ಮೆಟ್ಟಿಲೇರಿ. ಮೇಲಿನ ಸಾಧಾರಣ ಗಾಂಧಾರದಲ್ಲಿ ಒಂದು ಕ್ಷಣ ನಿಂತು ರಿ ಸ ನಿ ಎಂದು ಸುಳಿದು ಷಡ್ಜಕ್ಕೆ ಇಳಿಯುತ್ತದೆ. ಆ ನಿಷಾದ ಕಾಕಲಿ, ಹಾಗಾಗಿ ಕೀರವಾಣಿಯ ನೆನಪಾಗುತ್ತದೆ. ಮುಂದಿನ ಎರಡು ಬಾರ್ ಅದೇ ಆಕಾರ, ಈ ಸಲ ಏರಿ ನಿಲ್ಲುವುದು ಮಧ್ಯಮದಲ್ಲಿ. ಆಮೇಲೆ ಬರೀ ತುದಿಯ ಸುಳಿ, ಒಂದೊಂದೇ ಬಾರ್: ಗಾಂಧಾರ, ಮಧ್ಯಮ. ಏಳನೇ ಬಾರ್‌ನಲ್ಲಿ ಜೋರಾಗಿ ಪಂಚಮಕ್ಕೆ ಹಾರಿ, ತಕ್ಷಣ ಮೆತ್ತಗಾಗಿ, ಎಂಟನೆಯದರಲ್ಲಿ ಮುಗಿಯದ ಮಾತಿನ ಹಾಗೆ ನಿಂತುಬಿಡುತ್ತದೆ. ಎರಡು, ಎರಡು, ಒಂದು, ಒಂದು, ಮತ್ತೆ ಎರಡು. ನಡುವಿನ ಈ ಕಿರಿದಾಗುವಿಕೆ ಗೋಪುಚ್ಛ ಯತಿ ಕೇಳಿ ಅಭ್ಯಾಸವಿರುವ ನಿಮಗೆ ಬೇಗ ತಿಳಿಯುತ್ತದೆ. ತುಂಡು ಚಿಕ್ಕದಾದ ಹಾಗೆ ಒತ್ತಡ ಏರುತ್ತದೆ. ಇದನ್ನು ಬಾಯಲ್ಲಿ ಹಾಡುವಂತಾದ ಮೇಲೆಯೇ ಮುಂದೆ ಹೋಗಿ.

ಎರಡನೇ ದಿನ ಮೊದಲ ಭಾಗ ಪೂರ್ತಿ, 48 ಬಾರ್. ಸುಮಾರು 50 ಸೆಕೆಂಡ್‌ ಆದಾಗ ಆರಂಭದ ಮೆಟ್ಟಿಲು ಮತ್ತೆ ಮೊದಲಿನಿಂದ ಬರುತ್ತದೆ. ಅದಕ್ಕೆ ಒಂದು ಕ್ಷಣ ಮುಂಚೆ ನಿಲ್ಲಿಸಿ. ಗಂಟಲು ಎಲ್ಲಿ ವಿಶ್ರಾಂತಿ ಬಯಸುತ್ತದೋ ಆ ಸ್ವರ ಗುನುಗಿ, ಆಮೇಲೆ ಶ್ರುತಿಪೆಟ್ಟಿಗೆಯಲ್ಲಿ ನೋಡಿ. ಐದೂವರೆ ಮನೆ ಬರಬೇಕು. ನಾಲ್ಕರಿಂದ ಐದೂವರೆ, ಅಂದರೆ ಹಳೆಯ ಸಾಧಾರಣ ಗಾಂಧಾರವೇ ಹೊಸ ಷಡ್ಜ. ನಠಭೈರವಿಯ ಗಾಂಧಾರಕ್ಕೆ ಗ್ರಹಭೇದ ಮಾಡಿದರೆ ಶಂಕರಾಭರಣ ಸಿಗುತ್ತದಲ್ಲ, ಇದು ಅದೇ ಸಂಬಂಧ. ಮೈನರ್ ಸೊನಾಟಾಗಳಲ್ಲಿ ಹೆಚ್ಚಾಗಿ ಬಿಡಾರ ಹೂಡುವುದು ಅಲ್ಲಿಯೇ.

ಮೂರನೇ ದಿನದ್ದು 20ನೇ ಬಾರ್. ಅಲ್ಲಿ ಎರಡನೇ ಟ್ಯೂನ್ ಮೇಲಿಂದ ಕೆಳಕ್ಕೆ, ಸ್ವರಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇಳಿಯುತ್ತದೆ. ಮೊದಲನೆಯದು ಬಿಡಿಬಿಡಿಯಾಗಿ ಏರಿತ್ತು. ಇದು ಅದರದೇ ಕನ್ನಡಿ. ಇಲ್ಲಿ ಒಂದು ಬಲೆ ಇದೆ. ಇದೇ ಜಾಗದಲ್ಲಿ ನಿಲ್ಲಿಸಿ ಗುನುಗಿದರೆ ಹೆಚ್ಚಿನವರಿಗೆ ಎರಡೂವರೆ ಮನೆ ಬರುತ್ತದೆ. ಕಾರಣ, ಎಡಗೈ ಬಿಡದೆ ಹಿಡಿದಿರುವುದು ಹೊಸ ಷಡ್ಜದ ಪಂಚಮವನ್ನು. ಹೊಸ ಷಡ್ಜ ಗಟ್ಟಿಯಾಗಿ ಸಿಗುವುದು ಇನ್ನೂ ಇಪ್ಪತ್ತು ಬಾರ್ ಆದ ಮೇಲೆ, 41ರಲ್ಲಿ. ಅಲ್ಲಿಯವರೆಗೆ ಹೊಸಿಲ ಮೇಲೆ ನಿಲ್ಲಿಸಿರುತ್ತಾನೆ.

ನಾಲ್ಕನೇ ದಿನ ನಡುಭಾಗ, 49ರಿಂದ 100. ಪ್ರತಿ ಹೆಜ್ಜೆಯಲ್ಲೂ ಷಡ್ಜ ಹುಡುಕಲು ಹೋಗಬೇಡಿ, ಸುಸ್ತಾಗುತ್ತದೆ. ಇಳಿಯುವ ಟ್ಯೂನ್ ಬೇರೆ ಬೇರೆ ಎತ್ತರದಲ್ಲಿ ಬರುವುದನ್ನು ಗಮನಿಸಿ. 81ರ ಸುತ್ತ ಕೆಳಗೆ ಒಂದು ಸ್ವರ ಪಟ್ಟು ಹಿಡಿದು ಕೂರುತ್ತದೆ. ಅದು ಮೂಲ ಷಡ್ಜದ ಪಂಚಮ. ಮನೆ ಹತ್ತಿರ ಬಂತು ಎಂಬುದಕ್ಕೆ ಅದೇ ಸೂಚನೆ.

ಐದನೇ ದಿನ ಹೋಲಿಕೆ. 1ನೇ ಬಾರ್ ಮತ್ತು 101ನೇ ಬಾರ್ ಬೆನ್ನುಬೆನ್ನಿಗೆ ಹಾಕಿ: ಮೊದಲು ಮೆತ್ತಗೆ ಬಂದದ್ದು ವಾಪಸು ಬರುವಾಗ ಜೋರು. ಆಮೇಲೆ 20 ಮತ್ತು 119: ಇಳಿಯುವ ಟ್ಯೂನ್ ಈಗ ನಾಲ್ಕು ಮನೆಯಲ್ಲೇ ಇದೆ. ಈ ಎರಡನೇ ಜೋಡಿ ಕೇಳಿ ಮೈ ಜುಮ್ಮೆಂದರೆ ಸೊನಾಟಾ ಅಂದರೇನು ಎಂಬುದು ನಿಮಗೆ ಸಿಕ್ಕಿತು ಅಂತಲೇ.

---

ಹಾಳೆ_ತಿರುವು

ನಾಲ್ಕುಮನೆಯವರ ಕ್ರಮ ಚೆನ್ನಾಗಿದೆ. ಎರಡು ಮಾತು ಸೇರಿಸಬೇಕು, ಒಂದಕ್ಕೆ ಭಿನ್ನಾಭಿಪ್ರಾಯ.

ಶ್ರುತಿಪೆಟ್ಟಿಗೆಯನ್ನು ಸಂಗೀತದ ಜೊತೆ ಹಾಕಿಟ್ಟುಕೊಂಡು ಕೇಳಬೇಡಿ. ನಿಲ್ಲಿಸಿ, ಗುನುಗಿ, ಆಮೇಲೆ ಪರೀಕ್ಷೆಗೆ ಮಾತ್ರ ಹಾಕಿ. ಷಡ್ಜ ಬದಲಾಗದೆ ಇದ್ದಾಗಲೂ ಪಿಯಾನೊದ ಸ್ವರಮೇಳಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಪಂಚಮದ ಮೇಲೆ, ಮಧ್ಯಮದ ಮೇಲೆ ಸರಿಯುತ್ತಲೇ ಇರುತ್ತವೆ. ಮೇಲೆ ಕಾಕಲಿ ನಿಷಾದ ಗಟ್ಟಿಯಾಗಿ ನಿಂತಿರುವಾಗ ಕೆಳಗೆ ಸ-ಪ ಮಿಡಿಯುತ್ತಿದ್ದರೆ ಕಿವಿ ಕಚ್ಚಿದ ಹಾಗಾಗುತ್ತದೆ, "ಷಡ್ಜ ಬದಲಾಯಿತೇನೋ" ಎಂಬ ಸುಳ್ಳು ಅನುಮಾನ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಪಿಯಾನೊದ ಅಂತರ ಗಾಂಧಾರ ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಸ್ವರಸ್ಥಾನಕ್ಕೆ 100 ಸೆಂಟ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಅಭ್ಯಾಸವಿರುವ ಕಿವಿಗೆ ಅದು ಅಪಶ್ರುತಿಯೇ.

ಪೆಟ್ಟಿಗೆಯಲ್ಲಿ ಸೂಕ್ಷ್ಮ ಶ್ರುತಿ ಹೊಂದಿಸುವ ಅವಕಾಶ ಇದ್ದರೆ ಎ ಸ್ವರ 440ಕ್ಕೆ ಇರಲಿ. ಬೀಥೋವೆನ್ ಕಾಲದ ಮಾದರಿಯ ಪಿಯಾನೊಗಳಲ್ಲಿ ನುಡಿಸಿದ ಧ್ವನಿಮುದ್ರಣಗಳು ಸಾಮಾನ್ಯವಾಗಿ 430ರ ಸುತ್ತ ಇರುತ್ತವೆ, ಹೆಚ್ಚುಕಡಿಮೆ 40 ಸೆಂಟ್ ಇಳಿಕೆ. ಅವನ್ನು ಹಾಕಿಕೊಂಡು "ನಾಲ್ಕೋ ಮೂರೋ" ಎಂದು ತಲೆ ಕೆಡಿಸಿಕೊಳ್ಳುವುದು ಬೇಡ.

ಭಿನ್ನಾಭಿಪ್ರಾಯ ಇಷ್ಟೆ: ಎಫ್ ಮೈನರ್‌ಗಿಂತ ಮುಂಚೆ ಓಪಸ್ 49ರ ಎರಡನೆಯದನ್ನು ಕೇಳುವುದು ಮೇಲು. ಜಿ ಮೇಜರ್, ಐದು ಮನೆ. ಪಟ್ಟಿಯಲ್ಲಿ 20ನೆಯದು ಎಂದಿರುತ್ತದೆ, ಆದರೆ 1790ರ ದಶಕದಲ್ಲೇ ಬರೆದದ್ದು, ಅಚ್ಚಾದದ್ದು 1805ರಲ್ಲಿ. ಹಾಗಾಗಿ ಸಂಖ್ಯೆ ನೋಡಿ ಹೆದರಬೇಕಿಲ್ಲ, ಎಲ್ಲಕ್ಕಿಂತ ಸರಳವಾದವುಗಳಲ್ಲಿ ಇದೂ ಒಂದು. ಮೇಜರ್ ಸೊನಾಟಾಗಳಲ್ಲಿ ಷಡ್ಜ ಸಾಮಾನ್ಯವಾಗಿ ಪಂಚಮಕ್ಕೆ ಹೋಗುತ್ತದೆ. ಅದರ ಸುಳಿವು ನಿಮಗೆ ಪಾಶ್ಚಾತ್ಯ ವಿದ್ಯಾರ್ಥಿಗಿಂತ ಬೇಗ ಸಿಗುತ್ತದೆ: ಶಂಕರಾಭರಣದ ಹಾಗೆ ಹೋಗುತ್ತಿದ್ದದ್ದರಲ್ಲಿ ಇದ್ದಕ್ಕಿದ್ದಂತೆ ಪ್ರತಿ ಮಧ್ಯಮ ಬರುತ್ತದೆ. ಆ ಪ್ರತಿ ಮಧ್ಯಮವೇ ಹೊಸ ಷಡ್ಜದ ಕಾಕಲಿ ನಿಷಾದ. ಈ ಮೂವ್‌ಮೆಂಟಿನಲ್ಲಿ 15ನೇ ಬಾರ್ ದಾಟಿದ ಮೇಲೆ ಅದು ಇಣುಕುತ್ತದೆ, 21ರಲ್ಲಿ ಎರಡನೇ ಟ್ಯೂನ್ ಎರಡು ಮನೆಯಲ್ಲಿ ಸರಾಗವಾಗಿ ಕೂರುತ್ತದೆ. ಹೊಸಿಲ ಮೇಲೆ ಕಾಯಿಸುವ ಬಲೆ ಇಲ್ಲಿಲ್ಲ. ಗ್ರಹಭೇದದ ಹೋಲಿಕೆ ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಗ್ರಹಭೇದದಲ್ಲಿ ಸ್ವರಗಳು ಅವೇ ಇದ್ದು ಷಡ್ಜ ಮಾತ್ರ ಸರಿಯುತ್ತದೆ, ಇಲ್ಲಿ ಒಂದು ಸ್ವರವೂ ಬದಲಾಗಿದೆ.

ನೊಟೇಷನ್: ಓದಲು ಕಲಿಯಬೇಕಾಗಿಲ್ಲ, ಹಿಂಬಾಲಿಸಲು ಬಂದರೆ ಸಾಕು. ಐಎಂಎಸ್‌ಎಲ್‌ಪಿ ಎಂಬ ಅಂತರ್ಜಾಲ ತಾಣದಲ್ಲಿ ನೊಟೇಷನ್‌ನ ಹಳೆಯ ಮುದ್ರಣಗಳು ಉಚಿತವಾಗಿ ಸಿಗುತ್ತವೆ. ಬಾರ್ ಗೆರೆಗಳನ್ನು ಎಣಿಸಿ ಪ್ರತಿ ಹತ್ತಕ್ಕೊಮ್ಮೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆದುಕೊಳ್ಳಿ, ಮೊದಲಲ್ಲಿ ಅರ್ಧ ಬಾರ್ ಇದ್ದರೆ ಅದನ್ನು ಎಣಿಸಬೇಡಿ. ಚುಕ್ಕೆ ಹೆಚ್ಚು ಕಪ್ಪಗಿದ್ದರೆ ವೇಗ, ಮೇಲೆ ಹೋದರೆ ತಾರ, ಪಿ ಅಂದರೆ ಮೆತ್ತಗೆ, ಎಫ್ ಅಂದರೆ ಜೋರು. ಎರಡು ವಾರದಲ್ಲಿ ಬೆರಳು ತಾನಾಗಿ ಸಾಲಿನ ಮೇಲೆ ಓಡುತ್ತದೆ. ನಿಮಿಷ-ಸೆಕೆಂಡ್ ಬರೆದಿಟ್ಟುಕೊಂಡರೆ ಕಲಾವಿದ ಬದಲಾದ ಕೂಡಲೇ ಅದು ಕೆಲಸಕ್ಕೆ ಬಾರದು. ಕೆಲವರು ಮೊದಲ ಭಾಗದ ಪುನರಾವರ್ತನೆಯನ್ನೇ ಬಿಡುತ್ತಾರೆ. ಬಾರ್ ಸಂಖ್ಯೆ ಎಲ್ಲರಿಗೂ ಒಂದೇ.

ಧ್ವನಿಮುದ್ರಣ: ಅಧ್ಯಯನಕ್ಕೆ ವಿಲ್ಹೆಲ್ಮ್ ಕೆಂಪ್ಫ್ 1964-65ರಲ್ಲಿ ಮಾಡಿದ ಸ್ಟೀರಿಯೊ ಸಂಪುಟ ಒಳ್ಳೆಯದು, ಎಡಗೈ ಬಲಗೈ ಎರಡೂ ತಿಳಿಯಾಗಿ ಕೇಳಿಸುತ್ತವೆ. 32ನ್ನೂ ಮೊದಲು ಧ್ವನಿಮುದ್ರಿಸಿದ್ದು ಆರ್ಟುರ್ ಶ್ನಾಬೆಲ್, 1932ರಿಂದ 35ರಲ್ಲಿ. ಅದರಲ್ಲಿ ಆಳವಿದೆ, ಆದರೆ ಗರಗರ ಸದ್ದೂ ಇದೆ, ವೇಗವೂ ಹೆಚ್ಚು, ಮೊದಲ ಕೇಳ್ಮೆಗೆ ಬೇಡ. ಎಮಿಲ್ ಗಿಲೆಲ್ಸ್ ನುಡಿಸಿರುವುದು ಭವ್ಯ, ಆದರೆ ಅವರು 1985ರಲ್ಲಿ ತೀರಿಕೊಂಡಾಗ ಐದು ಸೊನಾಟಾ ಬಾಕಿ ಇತ್ತು. ಆಂಡ್ರಾಸ್ ಶಿಫ್ 2004ರಿಂದ 2006ರಲ್ಲಿ ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಪಿಯಾನೊ ಮುಂದೆ ಕೂತು ಒಂದೊಂದನ್ನೂ ಬಿಡಿಸಿ ವಿವರಿಸಿದ ಉಪನ್ಯಾಸಗಳಿವೆ. ಅವು ಇಂಗ್ಲಿಷಿನಲ್ಲಿವೆ, ಬಹಳ ಚೆನ್ನಾಗಿವೆ. ನೀವೇ ಐದು ದಿನ ಕೇಳಿದ ಮೇಲೆ ಅವನ್ನು ಹಾಕಿ. ಮುಂಚೆಯೇ ಕೇಳಿದರೆ ಅವರು ತೋರಿಸಿದ್ದಷ್ಟೇ ಕಾಣುತ್ತದೆ.

---

ಕಾವೇರಿದಂಡೆ

ಇಬ್ಬರಿಗೂ ಅನಂತ ಧನ್ಯವಾದ. ಓಪಸ್ 49, ಆಮೇಲೆ ಓಪಸ್ 2 ಎರಡೂ ಹೇಳಿದ ಹಾಗೆ ಆಯಿತು. 20ನೇ ಬಾರ್‌ನಲ್ಲಿ ನನಗೆ ಬಂದದ್ದು ಎರಡೂವರೆಯೇ, 48ರಲ್ಲಿ ಐದೂವರೆ ಸಿಕ್ಕಿತು.

ಈಗ ಪಥೆಟೀಕ್ ಎಂಬ ಸೊನಾಟಾದಲ್ಲಿ (ಓಪಸ್ 13) ಸಿಕ್ಕಿಕೊಂಡಿದ್ದೇನೆ. ಸಿ ಮೈನರ್, ಒಂದು ಮನೆ. ಲೆಕ್ಕದ ಪ್ರಕಾರ ಎರಡನೇ ಟ್ಯೂನ್ ಎರಡೂವರೆ ಮನೆಯಲ್ಲಿ ಶಂಕರಾಭರಣದ ಹಾಗೆ ಕೇಳಬೇಕು. ಷಡ್ಜ ಎರಡೂವರೆ ಸಿಗುತ್ತದೆ, ಆದರೆ ಗಾಂಧಾರ ಸಾಧಾರಣವೇ ಇದೆ. ನನ್ನ ಕಿವಿ ತಪ್ಪೋ, ಲೆಕ್ಕ ತಪ್ಪೋ? ಹಾಗೇ, ಇದಾದ ಮೇಲೆ ಯಾವುದು?

---

ಮೂರನೇಕಾಲ

ನಿಮ್ಮ ಕಿವಿ ಸರಿ. ಓಪಸ್ 13ರಲ್ಲಿ ಬೀಥೋವೆನ್ ಬೇಕೆಂದೇ ಆ ನಿರೀಕ್ಷೆಯನ್ನು ತಪ್ಪಿಸಿದ್ದಾನೆ. 51ನೇ ಬಾರ್‌ನಲ್ಲಿ, ಬಲಗೈ ಎಡಗೈಯನ್ನು ದಾಟಿ ಕೆಳಗೂ ಮೇಲೂ ಮಾತಾಡುವ ಆ ಟ್ಯೂನ್ ಇರುವುದು ಇ-ಫ್ಲಾಟ್ ಮೈನರ್‌ನಲ್ಲಿ. ಜಾಗ ಸರಿಯಾದದ್ದೇ, ದೀಪ ಹಚ್ಚಿಲ್ಲ ಅಷ್ಟೆ. ಬೆಳಕು ಬರುವುದು 89ರಲ್ಲಿ: ಷಡ್ಜ ಅದೇ ಎರಡೂವರೆ, ಗಾಂಧಾರ ಅಂತರವಾಗುತ್ತದೆ. 51ರಿಂದ 89ರವರೆಗೆ ಗಾಂಧಾರವೊಂದನ್ನೇ ಹಿಡಿದು ಕೇಳಿ.

ವಾಪಸು ಬರುವಾಗ ಇನ್ನೊಂದು ತಿರುವು ಇದೆ. 195ರಲ್ಲಿ ಮೊದಲ ಟ್ಯೂನ್ ಒಂದು ಮನೆಗೆ ಬರುತ್ತದೆ, ಸರಿ. ಆದರೆ 221ರಲ್ಲಿ ಎರಡನೇ ಟ್ಯೂನ್ ಶುರುವಾಗುವುದು ನಾಲ್ಕು ಮನೆಯಲ್ಲಿ, ಎಫ್ ಮೈನರ್‌ನಲ್ಲಿ. ಸ್ವಲ್ಪ ಹೊತ್ತು ತಪ್ಪಾದ ಬಾಗಿಲು ತಟ್ಟಿದ ಮೇಲೆ ಒಂದು ಮನೆಗೆ ಬರುತ್ತದೆ. ಶ್ರುತಿಪೆಟ್ಟಿಗೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ನಿಧಾನದ ಮುನ್ನುಡಿಯನ್ನು, ಅಂದರೆ ಗ್ರಾವೆಯ ಹತ್ತು ಬಾರ್‌ಗಳನ್ನು, ಬೇರೆಯಾಗಿ ಕೇಳಿ. ಅದು ಮೂವ್‌ಮೆಂಟಿನೊಳಗೆ ಮತ್ತೆರಡು ಸಲ ಬರುತ್ತದೆ. 133ರಲ್ಲಿ ನಾಲ್ಕೇ ಬಾರ್, ಐದು ಮನೆಯಲ್ಲಿ. ಕೊನೆಯ ಬಾರಿಗೆ 295ರಲ್ಲಿ, ಆಗ ಮೊದಲ ಪೆಟ್ಟಿನ ಆ ಭಾರವಾದ ಸ್ವರಮೇಳವೇ ಇರುವುದಿಲ್ಲ. ಎಡುಪು ಇರಬೇಕಾದಲ್ಲಿ ಮೌನ. ಮೊದಲ ಸಲದ್ದು ಬಾಯಿಪಾಠ ಆಗಿದ್ದರೆ ಮಾತ್ರ ಆ ಖಾಲಿ ಜಾಗ ಎದೆಗೆ ತಾಗುತ್ತದೆ.

ಎರಡನೇ ಮೂವ್‌ಮೆಂಟಿಗೆ ಈ ಷಡ್ಜಪ್ರಯಾಣದ ವಿಧಾನ ಹಾಕಬೇಡಿ. ಐದೂವರೆ ಮನೆ, ಒಟ್ಟು 73 ಬಾರ್, ಪಲ್ಲವಿಯ ಹಾಗೆ ಒಂದೇ ಟ್ಯೂನ್ ಐದು ಸಲ ಬರುತ್ತದೆ: 1, 9, 29, 51, 59. ಪ್ರತಿ ಸಲ ಕೆಳಗಿನ ಮಿಡಿತದಲ್ಲಿ ಏನು ಬದಲಾಯಿತು ಎಂದು ಮಾತ್ರ ನೋಡಿ. 51ರಿಂದ ಮಿಡಿತ ಮೂರುಮೂರಾಗಿ ಒಡೆಯುತ್ತದೆ, ಚತುರಶ್ರ ನಡೆ ತಿಶ್ರಕ್ಕೆ ತಿರುಗಿದ ಹಾಗೆ. ಟ್ಯೂನ್ ಅದೇ, ಮೈ ಬೇರೆ.

ಮುಂದಿನ ಕ್ರಮಕ್ಕೆ ನನ್ನ ಸಲಹೆ: ಮೂನ್‌ಲೈಟ್ ಎಂದು ಕರೆಯುವ ಓಪಸ್ 27ರ ಎರಡನೆಯದು, ಆಮೇಲೆ ವಾಲ್ಡ್‌ಸ್ಟೈನ್, ಆಮೇಲೆ ಅಪ್ಪಾಸ್ಸಿಯೊನಾಟಾ. ಓಪಸ್ 106ಕ್ಕೆ ಈ ವರ್ಷ ಕೈ ಹಾಕಬೇಡಿ.

ಮೂನ್‌ಲೈಟ್‌ನಲ್ಲಿ ಬೆಳದಿಂಗಳು ಹುಡುಕಬೇಡಿ. ಆ ಹೆಸರು ಬೀಥೋವೆನ್ ತೀರಿಕೊಂಡ ಮೇಲೆ ವಿಮರ್ಶಕ ರೆಲ್‌ಸ್ಟಾಬ್ ಅವರ ಹೋಲಿಕೆಯಿಂದ ಬಂದದ್ದು. ಮೂರೂ ಮೂವ್‌ಮೆಂಟಿಗೆ ಷಡ್ಜ ಒಂದೇ, ಒಂದೂವರೆ ಮನೆ. ನಡುವಿನದು ಮೇಜರ್, ಅಕ್ಕಪಕ್ಕದವು ಮೈನರ್. ಸೊನಾಟಾ ಕಟ್ಟಡ ಇರುವುದು ಕೊನೆಯದರಲ್ಲಿ, ಮೊದಲನೆಯದರಲ್ಲಿ ಅದನ್ನು ಹುಡುಕಿದರೆ ನಿರಾಸೆ. ಮೊದಲ ಮೂವ್‌ಮೆಂಟನ್ನು ಹಳೆ ಮಾದರಿಯ ಪಿಯಾನೊದಲ್ಲಿ ರೊನಾಲ್ಡ್ ಬ್ರೌಟಿಗಾಮ್ ನುಡಿಸಿದ್ದನ್ನೂ ಕೇಳಿ. ಇಡೀ ಮೂವ್‌ಮೆಂಟನ್ನು ತಂತಿಗಳ ನಾದ ತಡೆಯುವ ಮೆತ್ತೆಗಳನ್ನು ಎತ್ತಿಟ್ಟೇ ನುಡಿಸಬೇಕು ಎಂದು ಬೀಥೋವೆನ್ ಬರೆದಿದ್ದಾನೆ. ಆ ವಾದ್ಯದಲ್ಲಿ ನಾದ ಬೇಗ ಆರುವುದರಿಂದ ಮಂಜು ಕವಿದಂತೆ ಕೇಳುತ್ತದೆ. ಇಂದಿನ ದೊಡ್ಡ ಪಿಯಾನೊದಲ್ಲಿ ಅಕ್ಷರಶಃ ಹಾಗೇ ಮಾಡಿದರೆ ಸ್ವರಗಳೆಲ್ಲ ಕಲೆತು ರಾಡಿಯಾಗುತ್ತವೆ, ಹಾಗಾಗಿ ಕಲಾವಿದರು ಸ್ವರಮೇಳ ಬದಲಾದಾಗಲೆಲ್ಲ ಪೆಡಲ್ ಬಿಟ್ಟು ಒತ್ತುತ್ತಾರೆ.

ವಾಲ್ಡ್‌ಸ್ಟೈನ್, ಓಪಸ್ 53, ಒಂದು ಮನೆ. ಇದು ಮೇಜರ್ ಆದರೂ ಪಂಚಮಕ್ಕೆ ಹೋಗುವುದಿಲ್ಲ. 35ನೇ ಬಾರ್‌ನಲ್ಲಿ ಮೂರು ಮನೆಗೆ, ಅಂದರೆ ಅಂತರ ಗಾಂಧಾರಕ್ಕೆ ಹಾರುತ್ತದೆ. ಅಷ್ಟು ದೂರ ಹೋದದ್ದು ಸುಲಭವಾಗಿ ಮರಳುವುದೂ ಇಲ್ಲ. ಮರುಪ್ರವೇಶದಲ್ಲಿ ಆ ಟ್ಯೂನ್ ಮೊದಲು ಆರು ಮನೆಯಲ್ಲಿ ಬರುತ್ತದೆ. ಅದು ನೆಮ್ಮದಿಯಾಗಿ ಒಂದು ಮನೆಯಲ್ಲಿ ಕೂರುವುದು ಮೂವ್‌ಮೆಂಟ್ ಮುಗಿಯಲು ಇಪ್ಪತ್ತು ಬಾರ್ ಇರುವಾಗ, 284ರಲ್ಲಿ.

ಅಪ್ಪಾಸ್ಸಿಯೊನಾಟಾದ ಮೊದಲ ಎಂಟು ಬಾರ್ ಓಪಸ್ 2ರ ಪಕ್ಕದಲ್ಲಿಟ್ಟು ಕೇಳಿ. ಅದೇ ನಾಲ್ಕು ಮನೆ. ನಾಲ್ಕು ಬಾರ್ ಆದ ಕೂಡಲೇ ಇಡೀ ಮಾತು ನಾಲ್ಕೂವರೆಗೆ, ಶುದ್ಧ ರಿಷಭದ ಮೇಲೆ ಎತ್ತಿಟ್ಟ ಹಾಗೆ ಸರಿಯುತ್ತದೆ. ಇಲ್ಲಿ ಮೊದಲ ಭಾಗಕ್ಕೆ ಪುನರಾವರ್ತನೆಯ ಗುರುತೇ ಇಲ್ಲ, ಆದ್ದರಿಂದ ಓಪಸ್ 2ರಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಲು ಜಾಗ ಸಿಗದು. 35ರ ಎರಡನೇ ಟ್ಯೂನ್, ಐದೂವರೆ ಮನೆ, ಅದನ್ನೇ ಗುರುತಾಗಿ ಇಟ್ಟುಕೊಳ್ಳಿ.

ಕೊನೆಯ ಸೊನಾಟಾ, ಓಪಸ್ 111ರ ಎರಡನೇ ಮೂವ್‌ಮೆಂಟನ್ನು ಈಗಲೇ ಬೇಕಾದರೂ ಕೇಳಬಹುದು. ಎಂಟೆಂಟು ಬಾರ್‌ನ ಎರಡು ತುಂಡು, ಎರಡೂ ಎರಡೆರಡು ಸಲ, ಅದರ ಮೇಲೆ ವೇರಿಯೇಷನ್‌ಗಳು. ಮೂರನೆಯದಕ್ಕೆ ಬಂದಾಗ ವೇಗ ಏರಿತು ಎನ್ನಿಸುತ್ತದೆ, ಏರಿಲ್ಲ. ಮೊದಲಿನಿಂದಲೇ ಕೈಯಲ್ಲಿ ತಾಳ ಹಾಕಿ, ಬಾರ್‌ಗೆ ಮೂರು ಎಣಿಕೆ. ಎಣಿಕೆ ಹಾಗೇ ಇದ್ದು ಒಳಗಿನ ಸ್ವರಗಳು ಇಮ್ಮಡಿಯಾಗುತ್ತಾ ಹೋಗುವುದು ಗೊತ್ತಾಗುತ್ತದೆ. ತಾಳ ಬಿಟ್ಟು ಕೇಳಿದವರಿಗೆ ಅದು ಜಾಜ್‌ನಂತೆ ಕುಣಿದದ್ದಷ್ಟೇ ನೆನಪಿರುತ್ತದೆ.

---

ಕಾವೇರಿದಂಡೆ

ಗಾಂಧಾರ ಹಿಡಿದು ಕೇಳಿದೆ, 89 ಈಗ ಸ್ಪಷ್ಟ. ಒಂದು ಸಣ್ಣ ಅನುಮಾನ: ಕೆಂಪ್ಫ್‌ನಲ್ಲಿ ಇಲ್ಲದ್ದು ಇನ್ನೊಬ್ಬರ ಧ್ವನಿಮುದ್ರಣದಲ್ಲಿ ಕೇಳಿಸಿತು. ಮೊದಲ ಭಾಗ ಮುಗಿದ ಕೂಡಲೇ ನಿಧಾನದ ಮುನ್ನುಡಿ ಹತ್ತೂ ಬಾರ್ ಮತ್ತೆ ಬಂತು. ಅದು 133ರದ್ದಲ್ಲ, ಪೂರ್ತಿ ಒಂದು ಮನೆಯಲ್ಲೇ ಇತ್ತು. ಬಾರ್ ಎಣಿಕೆ ತಪ್ಪಿಹೋಯಿತು.

---

ಹಾಳೆ_ತಿರುವು

ಅದು ಎಣಿಕೆಯ ತಪ್ಪಲ್ಲ, ಪುನರಾವರ್ತನೆ ಎಲ್ಲಿಂದ ಎಂಬ ಹಳೆಯ ಚರ್ಚೆ. ಹೆಚ್ಚಿನ ಮುದ್ರಣಗಳಲ್ಲಿ ಮರಳುವ ಗುರುತು 11ನೇ ಬಾರ್‌ನಲ್ಲಿ, ವೇಗದ ಭಾಗ ಶುರುವಾಗುವಲ್ಲಿ ಇರುತ್ತದೆ. ಬಹುತೇಕರು ಅಲ್ಲಿಂದಲೇ ನುಡಿಸುತ್ತಾರೆ. ರುಡಾಲ್ಫ್ ಸೆರ್ಕಿನ್, ಶಿಫ್ ಮೊದಲಾದ ಕೆಲವರು ಗ್ರಾವೆಯಿಂದಲೇ ಮರಳುತ್ತಾರೆ. ಹಾಗೆ ನುಡಿಸಿದರೆ ಗ್ರಾವೆ ಒಟ್ಟು ನಾಲ್ಕು ಸಲ ಕೇಳುತ್ತದೆ. 295ರ ಆ ಮೌನಕ್ಕೆ ತೂಕ ಇನ್ನೂ ಹೆಚ್ಚುತ್ತದೆ, ನನಗೆ ಅದೇ ಇಷ್ಟ. ಎಣಿಕೆಗೆ ಏನೂ ಮಾಡಬೇಕಿಲ್ಲ: ಪುನರಾವರ್ತನೆ ಶುರುವಾದಾಗ ಬೆರಳನ್ನು ಹಿಂದಕ್ಕೆ 1ಕ್ಕೆ ತನ್ನಿ, ಎರಡನೇ ಸಲ 132 ಆದ ಮೇಲೆ 133ಕ್ಕೆ ದಾಟಿ.